ಒಂದು ಸೀರೆ, ಎರಡು ರೇಟು

ಆಗಸ್ಟ್ 5, 2025, ಮಂಗಳವಾರ

ಈಗಷ್ಟೇ ಇಳಕಲ್ಲಿನ ಕಾಕಾನ ಫೋನ್ ಇಟ್ಟೆ. ರಾತ್ರಿ ಹನ್ನೊಂದು ದಾಟಿದೆ. ಸಿಟ್ಟು ಬರುತ್ತಿದೆ, ನಗುವೂ ಬರುತ್ತಿದೆ.

ಇವತ್ತು ಕಾಕಾನ ಸೀರೆ ಅಂಗಡಿಗೆ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಬಂದಿದ್ದನಂತೆ, ಲ್ಯಾಪ್‌ಟಾಪ್ ಹಿಡಿದುಕೊಂಡು. ತಿಂಗಳಿಗೆ ಇಷ್ಟು ಕೊಡಿ, ಇನ್‌ಸ್ಟಾಗ್ರಾಂನಲ್ಲಿ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡ್ತೀನಿ ಅಂದನಂತೆ. ಕಾಕಾ ಚಹಾ ಕುಡಿಸಿ ಕೇಳಿದ್ದು ಒಂದೇ ಮಾತು. "ಹತ್ತು ಸಾವಿರ ಮಂದಿ ಒಮ್ಮೆಲೆ ಬಂದ್ರ ಎಲ್ಲಿ ಕೂಡ್ಸಲಿ ತಮ್ಮಾ? ನಮ್ಮಲ್ಲಿ ಇರೋದು ಎರಡು ಗಾದಿ." ಹುಡುಗನಿಗೆ ಇದು ತಮಾಷೆಯೋ ನಿಜವೋ ತಿಳಿಯದೆ ನಾಳೆ ಬರ್ತೀನಿ ಅಂತ ಹೋದನಂತೆ.

ಕಾಕಾ ತಮಾಷೆಗೆ ಅಂದಿದ್ದರೂ ಪಾಯಿಂಟ್ ಸರಿ ಇದೆ. ದುಡ್ಡು ಕೊಟ್ಟು ತಂದ ಫಾಲೋವರ್ಸ್ ಸೀರೆ ಕೊಳ್ಳೋದಿಲ್ಲ. ಸುಮ್ನೆ ಸಂಖ್ಯೆ. ಪೋಸ್ಟ್ ಹಾಕಿದಾಗ ನಿಂತು ನೋಡೋದೂ ಇಲ್ಲ, ಯಾರಿಗೂ ಕಳಿಸೋದೂ ಇಲ್ಲ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೇರಿ ಈ ವರ್ಷದ ಶುರುವಿನಲ್ಲೇ ಹೇಳಿದ್ದರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಕೊಟ್ಟರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಅನ್ನೋದೇ ಮುಖ್ಯ ಅಂತ. ಕಳಿಸೋದು ಅಂದರೆ ನಮ್ಮಲ್ಲಿ ಏನು? ಅಕ್ಕ ತಂಗಿಗೆ "ಈ ದಡಿ ನೋಡೇ" ಅಂತ ಕಳಿಸೋದು. ಸೀರೆ ವ್ಯಾಪಾರ ಮೊದಲಿನಿಂದ ನಡೆದಿರೋದೇ ಹೀಗೆ.

ನಾವು ಹಾಕಿದ್ದರಲ್ಲಿ ಚೆನ್ನಾಗಿ ಓಡಿದ್ದು ಒಂದೇ ವಿಡಿಯೋ. ಅದೂ ಪ್ಲ್ಯಾನ್ ಮಾಡಿ ತೆಗೆದದ್ದಲ್ಲ. ಕಾಕಾ ಯಾರಿಗೋ ಸೀರೆ ತೋರಿಸುತ್ತಿದ್ದರು, ಅಂಗಡಿ ಹುಡುಗ ಪಕ್ಕದಲ್ಲಿ ನಿಂತು ಮೊಬೈಲ್ ಹಿಡಿದಿದ್ದ. ಕಾಕಾ ಸೀರೆ ಮಗುಚಿ, ಒಡಲು ಮುಗಿದು ಸೆರಗು ಶುರುವಾಗೋ ಜಾಗಕ್ಕೆ ಉಗುರು ಇಟ್ಟು ಎಳೆಯುತ್ತಾರೆ. ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗೂ ಸೆರಗಿನ ಹಾಸಿನ ಎಳೆಗೂ ಅಲ್ಲಿ ಕೊಂಡಿ. ಒಂದೊಂದು ಎಳೆಯನ್ನೂ ಕೈಯಿಂದ ಸಿಕ್ಕಿಸಿರುತ್ತಾರೆ. "ಇಲ್ಲಿ ನೋಡವ್ವಾ, ಈ ಕೊಂಡಿ ಇದ್ರ ಇಳಕಲ್ ಸೀರಿ. ಇಲ್ಲಂದ್ರ ಬರೇ ಸೀರಿ." ಅಷ್ಟೇ. ಹಿಂದೆ ಲಾಳಿ ಸದ್ದೂ ಇಲ್ಲ, ಹಾಡೂ ಇಲ್ಲ. ಹೊರಗೆ ಯಾವುದೋ ಟಂಟಂ ಹೋದ ಸದ್ದು ಇದೆ. ಅದನ್ನೇ ಜನ ನಿಂತು ನೋಡಿದ್ದಾರೆ. ಕೆಳಗೆ ಪ್ರಶ್ನೆಗಳ ಮೇಲೆ ಪ್ರಶ್ನೆ: ಸೆರಗು ಪ್ಯೂರ್ ರೇಷ್ಮೆನಾ ಇಲ್ಲಾ ಚಮಕಾ ಅನ್ನೋ ಕೃತಕ ರೇಷ್ಮೆನಾ, ಒಗೆದರೆ ಬಣ್ಣ ಬಿಡುತ್ತಾ, ಒಂಬತ್ತು ಗಜದ್ದು ಸಿಗುತ್ತಾ.

ಆ ಹುಬ್ಬಳ್ಳಿ ಹುಡುಗ ತೋರಿಸಿದ ಸ್ಯಾಂಪಲ್ ರೀಲ್‌ನಲ್ಲಿ ಸಿನಿಮಾ ಹಾಡು ಇತ್ತಂತೆ. ಬಿಸಿನೆಸ್ ಅಕೌಂಟಿಗೆ ಆ ಹಾಡುಗಳೆಲ್ಲ ಸಿಗೋದಿಲ್ಲ, ಹಕ್ಕಿನ ತಕರಾರು ಬರುತ್ತೆ ಅನ್ನೋದು ಅವನಿಗೆ ಗೊತ್ತಿರಬೇಕಿತ್ತು. ಹೋಗಲಿ ಬಿಡಿ.

ಮಾಡಬೇಕಾದ್ದು ಬೇರೆ ತುಂಬಾ ಇದೆ. ಟ್ಯೂಬ್‌ಲೈಟ್ ಕೆಳಗೆ ದಾಳಿಂಬ ಬಣ್ಣ ಗುಲಾಬಿ ಥರ ಕಾಣುತ್ತೆ. ಫೋಟೋನ ಬೆಳಿಗ್ಗೆ ಕಟ್ಟೆ ಮೇಲೆ ತೆಗೆಯಿರಿ ಅಂತ ಎಷ್ಟು ಸಲ ಹೇಳೋದು? ಪುಣೆ, ಸೊಲ್ಲಾಪುರದವರು ಹುಡುಕೋದು ಇರಕಲ್ ಅಂತ, ಅದನ್ನೂ ಬರೆಯಬೇಕು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತೆ. ಕಾಕಾನ ಬಿಲ್ ಬುಕ್ಕಿನಲ್ಲಿ ಇಷ್ಟು ವರ್ಷದ ಗಿರಾಕಿಗಳ ನಂಬರ್ ಇವೆ. ಅವರ ಫೋನಿನಲ್ಲಿ ಕಾಕಾ ಇಲ್ಲ. ಬಿಲ್ಲಿನ ಕೆಳಗೆ "ಈ ನಂಬರ್ ಸೇವ್ ಮಾಡ್ಕೊಳ್ರಿ" ಅಂತ ಒಂದು ರಬ್ಬರ್ ಸ್ಟ್ಯಾಂಪ್ ಒತ್ತಿದರೆ ಆಯಿತು. ಇದಕ್ಕೆ ಏಜೆನ್ಸಿ ಬೇಕಾ?

ಇಲ್ಲಿವರೆಗೆ ಕಾಕಾ ಎಲ್ಲದಕ್ಕೂ ಹೂಂ ಅಂದರು. ರೇಟ್ ವಿಷಯ ಬಂತು ನೋಡಿ, ಶುರುವಾಯಿತು.

"ಕಾಕಾ, ಫೋಟೋದ ಕೆಳಗ ರೇಟ್ ಹಾಕ್ರಿ. ಎಲ್ಲಾರೂ ಅದನ್ನ ಕೇಳ್ತಾರ. ಮೆಸೇಜ್ ಮಾಡ್ರಿ ಅಂದ್ರ ಅರ್ಧ ಮಂದಿ ಅಲ್ಲೇ ಬಿಟ್ಟು ಹೋಗ್ತಾರ."

"ರೇಟ್ ಹಾಕೂದ ಬ್ಯಾಡ. ಬಾಜೂಕಿನಂವ ನಾಳೆನ ಐವತ್ತು ಕಡಿಮಿ ಹಾಕ್ತಾನ."

"ಹಾಕಲಿ ಬಿಡ್ರಿ. ಅವಂದು ಪವರ್‌ಲೂಮ್, ನಮ್ದು ಕೈಮಗ್ಗ. ರೇಟ್ ಒಂದ ಹೆಂಗ ಆಗತೈತಿ?"

"ಫೋಟೋದಾಗ ಅದು ಯಾರಿಗೆ ತಿಳಿತೈತಿ?"

ಅದಕ್ಕೇ ಆ ಕೊಂಡಿ ವಿಡಿಯೋ, ಕೈಮಗ್ಗದ್ದು ಅಂತ ಸರ್ಕಾರ ಗುರುತಿಸೋ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ಲಿನ ಫೋಟೋ ಅಂತ ನಾನು ಶುರು ಮಾಡಿದೆ. ಕಾಕಾ ಮಾತಾಡಲಿಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ.

ಆಮೇಲೆ ಹೇಳಿದರು. "ಮೊನ್ನೆ ಪಂಚಮಿಗೆ ಒಬ್ಬಾಕಿ ಬಂದಿದ್ದಳು. ಮಗಳದು ಮದುವ್ಯಾದ ಮ್ಯಾಲ ಮೊದಲನೇ ಪಂಚಮಿ. ಆಕಿಗೆ ಹೇಳಿದ ರೇಟ ಬ್ಯಾರೆ. ಆಕಿ ಹಿಂದ ಬಂದ ಬ್ಯಾಂಕಿನ ಸಾಹೇಬ್ರಿಗೆ ಹೇಳಿದ್ದು ಬ್ಯಾರೆ. ಸೀರಿ ಒಂದ. ಫೋನಿನ್ಯಾಗ ಒಂದ ರೇಟ್ ಬರದ ಮ್ಯಾಲ ನಾ ಯಾರಿಗೆ ಏನ್ ಹೇಳ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮಾರ್ಕೆಟಿಂಗ್ ವಿಡಿಯೋದವರೆಲ್ಲ ಹೇಳೋದು ಒಂದೇ, ದರ ಮುಚ್ಚಿಟ್ಟರೆ ನಂಬಿಕೆ ಹೋಗುತ್ತೆ ಅಂತ. ಮುಖ ಕಾಣದ ಕಡೆ ಅದು ನಿಜವೇ. ಕಾಕಾನ ಅಂಗಡಿಯಲ್ಲಿ ನಂಬಿಕೆ ನಿಂತಿರೋದು ಮುಖ ನೋಡಿ ಹೇಳುವ ರೇಟಿನ ಮೇಲೆ. ಸಾಹೇಬರು ಜಾಸ್ತಿ ಕೊಟ್ಟಿದ್ದರಿಂದ ಆ ತಾಯಿಗೆ ಕಡಿಮೆಗೆ ಸಿಕ್ಕಿದೆ. ಸಾಹೇಬರಿಗೆ ಇದು ಗೊತ್ತಾದರೆ ಸಿಟ್ಟಾಗುತ್ತಾರೋ ಇಲ್ಲವೋ, ನನಗೆ ತಿಳಿಯದು. ನಾನಾಗಿದ್ದರೆ ಸಿಟ್ಟಾಗುತ್ತಿದ್ದೆ ಅನಿಸುತ್ತೆ. ಇಲ್ಲ, ಕಾಕಾ ಕಾರಣ ಹೇಳಿದ್ದರೆ ಆಗುತ್ತಿರಲಿಲ್ಲ.

ನಾಡಿದ್ದು ಗುರುವಾರ ಏಳನೇ ತಾರೀಖು, ರಾಷ್ಟ್ರೀಯ ಕೈಮಗ್ಗ ದಿನ. 2015ರಿಂದ ಆಚರಣೆ. ಅವತ್ತು ಎಲ್ಲರೂ ಡಿಸ್ಕೌಂಟ್ ಪೋಸ್ಟ್ ಹಾಕುತ್ತಾರೆ. ನಮಗೆ ಡಿಸ್ಕೌಂಟ್ ಬೇಡ. ಒಬ್ಬ ನೇಕಾರರು ಕುಣಿಮಗ್ಗದಲ್ಲಿ ಕೂತು ಕೊಂಡಿ ಹಾಕೋದನ್ನು ಪೂರ್ತಿ ತೋರಿಸಿದರೆ ಸಾಕು, ಕತ್ತರಿಸದೆ. ಅಂಗಡಿ ಹುಡುಗನಿಗೆ ಮೆಸೇಜ್ ಹಾಕಿದ್ದೇನೆ. ನೋಡಿಲ್ಲ, ಮಲಗಿರಬೇಕು.

ರೇಟಿಗೆ ಒಂದು ದಾರಿ ಹೊಳೆಯುತ್ತಿದೆ. ಊರ ಹೊರಗಿನವರಿಗೆ ಕೊರಿಯರ್ ಸೇರಿಸಿ ಒಂದೇ ರೇಟ್, ಅಂಗಡಿಗೆ ಬಂದವರಿಗೆ ಕಾಕಾನ ರೇಟ್. ಆದರೆ ಬ್ಯಾಂಕಿನ ಸಾಹೇಬರು ಗಾದಿ ಮೇಲೆ ಕೂತು ಫೋನ್ ತೆಗೆದು, "ಇಲ್ಲಿ ಕಡಿಮಿ ಐತಲ್ಲಾ" ಅಂದರೆ? ಕೊರಿಯರಿನದು ಸ್ವಲ್ಪ ಜಾಸ್ತಿನೇ ಇಡಬೇಕೇನೋ. ಆಗ ಪುಣೆಯವರು ಏನಂತಾರೋ?