ಸ್ಯಾಡಲ್ ಒಂದು ಕೂದಲಷ್ಟು ಹಿಂದಕ್ಕೆ

ಇವತ್ತು ಸಂಜೆಯೆಲ್ಲ ನನ್ನ ಗಿಟಾರ್ ಶ್ರುತಿ ಸರಿ ಮಾಡೋಕೆ ಬ್ರಿಜ್ (ತಂತಿಗಳು ಕೆಳಗೆ ಕೂರುವ ಭಾಗ) ಸ್ಕ್ರೂ ತಿರುಗಿಸೋದೇ ಕೆಲಸ.

ನೆಕ್ ಅಂದರೆ ಗಿಟಾರ್ ಕತ್ತಿನ ಮೇಲಿನ 12ನೇ ಲೋಹದ ಪಟ್ಟಿ, ಅಂದರೆ 12ನೇ ಫ್ರೆಟ್‌ನಲ್ಲಿ ತಂತಿಗೆ ಬೆರಳು ಸುಮ್ನೆ ತಾಗಿಸಿ ಹಾರ್ಮೋನಿಕ್ ನುಡಿಸಿದರೆ ಸ್ವರ ಸರಿ. ಅಲ್ಲೇ ಒತ್ತಿ ನುಡಿಸಿದರೆ ಒಂಚೂರು ಮೇಲೆ. ಬ್ರಿಜ್ ಮೇಲೆ ತಂತಿ ಹೊರುವ ಪುಟ್ಟ ತುಂಡು, ಅಂದರೆ ಸ್ಯಾಡಲ್ ಹಿಂದಕ್ಕೆ ಸರಿಸು, ಮತ್ತೆ ಟ್ಯೂನ್ ಮಾಡು, ಮತ್ತೆ ಕೇಳು. ಕೊನೆಗೆ ಎರಡೂ ಒಂದಾದವು ನೋಡಿ, ಆ ಖುಷಿಯೇ ಬೇರೆ!

ಕ್ವೀನ್ ಬ್ಯಾಂಡ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅವರು 1963ರಲ್ಲಿ ಅಪ್ಪನ ಜೊತೆ ಗಿಟಾರ್ ಕಟ್ಟಲು ಶುರು ಮಾಡಿದಾಗ, ನೆಕ್‌ಗೆ ಸಿಕ್ಕಿದ್ದು ಹಳೇ ಫೈರ್‌ಪ್ಲೇಸ್‌ನ ಮರ. ಅದೇ ಗಿಟಾರನ್ನು ಮುಂದೆ ದೊಡ್ಡ ದೊಡ್ಡ ವೇದಿಕೆಗಳಲ್ಲೂ ನುಡಿಸಿದರು. ಮರ ಯಾವುದು ಅಂತ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇವೆ. ಕೂತು ಸರಿ ಮಾಡುವ ತಾಳ್ಮೆಯೇ ಅರ್ಧ ಗಿಟಾರ್ ಅಲ್ವಾ?

ಇನ್ನೂ ಐದು ತಂತಿ ಬಾಕಿ ಇವೆ. ತಂತಿಯ ಕಂಪನ ಹಿಡಿಯುವ ಹೊಸ ಪಿಕಪ್ ಹಾಕೋದು ಆಮೇಲೆ.