ಯಾವ ಆಸನ ಮಾಡಿದರೆ ನಿದ್ರೆ ಬರುತ್ತದೆ?

ಯೋಗ ಕಲಿಸುವ ನನ್ನನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವವರ ಬಳಲಿದ ಕಣ್ಣುಗಳನ್ನು ನೋಡಿದಾಗ ಒಂದು ಆಸನದ ಹೆಸರು ಹೇಳಿ ಸಮಾಧಾನಪಡಿಸೋಣ ಎಂದು ನನಗೂ ಅನ್ನಿಸುತ್ತದೆ. ಆದರೆ ಮಾತ್ರೆಯಂತೆ ನಿದ್ರೆ ತರಿಸುವ ಆಸನ ಯಾವುದೂ ಇಲ್ಲ. ನಿದ್ರೆಗೆ ಅಡ್ಡವಾಗಿರುವ ಬಿಗಿತವನ್ನು ಸಡಿಲಿಸುವುದಷ್ಟೇ ಯೋಗದ ಕೆಲಸ, ಮತ್ತು ಅದು ಹಗಲಿನಲ್ಲಿಯೇ ಆರಂಭವಾಗಬೇಕು.

ನಿದ್ರಾಹೀನತೆ ಬಹಳ ಸಲ ಯಾವುದೋ ಚಿಂತೆಯಿಂದಲೋ ಕಾಯಿಲೆಯಿಂದಲೋ ಶುರುವಾಗುತ್ತದೆ. ಆ ಕಾರಣ ತೀರಿದ ಮೇಲೂ ‘ಇವತ್ತಾದರೂ ನಿದ್ರೆ ಬಂದೀತೇ’ ಎಂಬ ಕಾತರ ಉಳಿದುಬಿಡುತ್ತದೆ, ಹಾಸಿಗೆ ಕಂಡೊಡನೆ ಎಚ್ಚರಗೊಳ್ಳುವುದೇ ದೇಹಕ್ಕೆ ರೂಢಿಯಾಗುತ್ತದೆ. ನನ್ನಲ್ಲಿ ಕಲಿಯಲು ಬಂದಿದ್ದ ಒಬ್ಬರು ಶವಾಸನದಲ್ಲಿ ಮಲಗಿ ‘ಪೂರ್ತಿ ಸಡಿಲವಾಗಿದ್ದೇನೆ’ ಎನ್ನುತ್ತಿದ್ದರು. ಆಗಲೂ ಅವರ ಹಲ್ಲುಗಳು ಕಚ್ಚಿಕೊಂಡಿದ್ದವು, ಹೆಬ್ಬೆರಳುಗಳು ಮುಷ್ಟಿಯೊಳಗೆ ಸೇರಿದ್ದವು. ಅದು ಅವರ ಗಮನಕ್ಕೆ ತಾನಾಗಿ ಬರಲು ಕೆಲವು ವಾರಗಳೇ ಹಿಡಿದವು. ಹಗಲಲ್ಲಿ ಗುರುತಿಸಲಾಗದ ಬಿಗಿತವನ್ನು ನಡುರಾತ್ರಿಯ ಕತ್ತಲಲ್ಲಿ ಬಿಡಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

ನಾನು ಮೊದಲು ಕಲಿಸುವುದು ಉಸಿರನ್ನು. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ತುಸು ಹೆಚ್ಚುತ್ತದೆ, ಹೊರಗೆ ಬರುವಾಗ ಮಿದುಳಿನಿಂದ ಹೃದಯದತ್ತ ಇಳಿದು ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವದಿಂದ ತಗ್ಗುತ್ತದೆ. ಆದ್ದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡುವ ಅಭ್ಯಾಸವನ್ನು, ಎಲ್ಲಿಯೂ ಒತ್ತಾಯವಿಲ್ಲದೆ, ದಿನಕ್ಕೆ ಹತ್ತು ನಿಮಿಷ ಮಾಡಿದರೆ ಸಾಕು. ಭ್ರಾಮರಿ ಪ್ರಾಣಾಯಾಮದಲ್ಲಿ ಗುಂಯ್‌ಗುಡುವ ನಾದವೇ ಹೊರಯುಸಿರನ್ನು ನೀಳವಾಗಿಸುವುದರಿಂದ ಎಣಿಸುವ ಗೊಡವೆಯೂ ಇರುವುದಿಲ್ಲ. ರಭಸದ ಉಸಿರಾಟದಿಂದ ಚೈತನ್ಯ ಹೆಚ್ಚಿಸುವ ಕಪಾಲಭಾತಿ, ಭಸ್ತ್ರಿಕಾಗಳು ಮಲಗುವ ಹೊತ್ತಿಗೆ ಬೇಡ.

ಯೋಗನಿದ್ರೆಯ ಹೆಸರು ಹಲವರನ್ನು ದಾರಿ ತಪ್ಪಿಸುತ್ತದೆ. ಅದು ನಿದ್ರೆಯಲ್ಲ, ಎಚ್ಚರವಾಗಿದ್ದುಕೊಂಡೇ ದೇಹದ ಒಂದೊಂದು ಭಾಗದ ಮೇಲೆ ಗಮನವನ್ನು ಹಾಯಿಸುತ್ತ ಹೋಗುವ ಅಭ್ಯಾಸ. ಧ್ಯಾನವೂ ಹಾಗೆಯೇ. ‘ಇದರಿಂದ ಈಗಲೇ ನಿದ್ರೆ ಬರಬೇಕು’ ಎಂದು ಕುಳಿತರೆ ಮನಸ್ಸು ಫಲಿತಾಂಶವನ್ನು ಕಾಯುತ್ತ ಇನ್ನಷ್ಟು ಎಚ್ಚರಗೊಳ್ಳುತ್ತದೆ. ನಿದ್ರೆಯ ತೊಂದರೆಯಿದ್ದ 49 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ವಾರ ಸಾವಧಾನ ಧ್ಯಾನ (ಈ ಕ್ಷಣದ ಅನುಭವವನ್ನು ಸುಮ್ಮನೆ ಗಮನಿಸುವ ಮೈಂಡ್‌ಫುಲ್‌ನೆಸ್) ಕಲಿತವರ ನಿದ್ರೆಯ ಗುಣಮಟ್ಟ, ಒಳ್ಳೆಯ ನಿದ್ರೆಗೆ ಬೇಕಾದ ದಿನಚರಿಯ ಪಾಠವನ್ನಷ್ಟೇ ಪಡೆದವರಿಗಿಂತ ಹೆಚ್ಚು ಸುಧಾರಿಸಿತ್ತು. ಅಧ್ಯಯನ ಚಿಕ್ಕದು, ಆದರೂ ನನ್ನ ಅನುಭವಕ್ಕೆ ಹೊಂದುವಂಥದು.

ಇಷ್ಟಾದರೂ ಯೋಗವೊಂದನ್ನೇ ನಂಬಿ ಕೂರಿ ಎಂದು ನಾನು ಹೇಳಲಾರೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ತೊಂದರೆ ಮುಂದುವರಿದಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಿದ್ರೆಗೆ ಅಡ್ಡಿಯಾಗುವ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲಿ ಸಲಹೆ ನೀಡಿದೆ. ಈಗಾಗಲೇ ನಿದ್ರೆಮಾತ್ರೆ ತೆಗೆದುಕೊಳ್ಳುತ್ತಿರುವವರು, ಯೋಗ ಶುರುಮಾಡಿದೆವೆಂದು ಅದನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ಆ ಥೆರಪಿಯ ಒಂದು ನಿಯಮವನ್ನು ನಾನೂ ಕಲಿಸುತ್ತೇನೆ. ಮಲಗಿ ಸುಮಾರು ಇಪ್ಪತ್ತು ನಿಮಿಷವಾಯಿತು ಎನ್ನಿಸಿದರೂ ನಿದ್ರೆ ಹತ್ತದಿದ್ದರೆ ಗಡಿಯಾರ ನೋಡದೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಬೆನ್ನಿಗೆ ಆಸರೆಯಿಟ್ಟು ಕುಳಿತು, ಹೊರಹೋಗುವ ಉಸಿರನ್ನಷ್ಟೇ ಗಮನಿಸುತ್ತಿರಿ. ಕಣ್ಣೆವೆಗಳು ಭಾರವಾದಾಗ ಮತ್ತೆ ಹಾಸಿಗೆಗೆ ಹೋಗಿ.