‘ಬರೀ ಆಡಿಯೋನಾ?’ ಅಂತ ಕೇಳುವವರಿಗೆ

ಹೌದು, ಬರೀ ಆಡಿಯೋ. ಚಿತ್ರ ಬರಲ್ಲ. ಫೋನ್ ಕೆಟ್ಟಿಲ್ಲ.

ಇಂಗ್ಲೆಂಡಿನ ಹಳೇ ಕಳ್ಳಸಾಗಣೆ ಕಾದಂಬರಿಗಳಿವೆಯಲ್ಲ, ಅವುಗಳ ರೇಡಿಯೋ ನಾಟಕ ಕೇಳುವ ಚಟ ನನಗೆ. ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಸಿನಿಮಾನೇ ಇದೆಯಲ್ಲ, ಬರೀ ಆಡಿಯೋ ಯಾಕೆ?’ ಪ್ರಶ್ನೆ ಇರಲಿ, ಆ ‘ಬರೀ’ ನೋಡಿ. ಬೀಗರ ಊಟಕ್ಕೆ ಕೂತು ‘ಬರೀ ಅನ್ನ ಸಾರಾ?’ ಅಂದ ಹಾಗೆ. ಹೋದ ವರ್ಷ ಅಕ್ಕನ ಮನೆ ಗೃಹಪ್ರವೇಶದಲ್ಲಿ ಭಾವ ಇದನ್ನೇ ಕೇಳಿದರು. ಅದೂ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ. ‘ಏನಪ್ಪಾ, ಕಣ್ಣಿಗೆ ಏನೂ ಕಾಣಲ್ವಂತೆ? ದುಡ್ಡು ಬೇರೆ ಕೊಡ್ತೀಯಾ ಅದಕ್ಕೆ?’ ಎಲೆ ಮೇಲೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಸುಮ್ನೆ ತಿಂದೆ.

ಅವತ್ತು ಹೇಳದ ಉತ್ತರ ಇಲ್ಲಿದೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸುಂಕ ತಪ್ಪಿಸಿ ರಾತ್ರೋರಾತ್ರಿ ಬ್ರಾಂದಿ, ತಂಬಾಕು, ಲೇಸ್ ಬಟ್ಟೆ, ಟೀ ಬಂದು ಇಳಿಯುತ್ತಿತ್ತು. ಹೌದು, ಟೀ. ಅದರ ಮೇಲಿನ ಸುಂಕ ಶೇಕಡ 119 ಇತ್ತು. 1784ರಲ್ಲಿ 12.5ಕ್ಕೆ ಇಳಿಸಿದ ಮೇಲೆ ಟೀ ಕದ್ದು ತರುವುದರಲ್ಲಿ ಏನೂ ಗಿಟ್ಟದ ಹಾಗಾಯಿತು. ಅದಿರಲಿ. ಆ ಕಾಲದ ಬಗ್ಗೆ ಇಂಗ್ಲಿಷ್ ಕವಿ ಕಿಪ್ಲಿಂಗ್ 1906ರಲ್ಲಿ ಒಂದು ಪದ್ಯ ಬರೆದಿದ್ದಾನೆ. ನಡುರಾತ್ರಿ ಬೀದಿಯಲ್ಲಿ ಕುದುರೆ ಸದ್ದಾದರೆ ಕಿಟಕಿ ಪರದೆ ಸರಿಸಬೇಡ ಮಗೂ, ಆ ಕಳ್ಳಸಾಗಣೆಯವರು ಹೋಗುವ ತನಕ ಗೋಡೆ ನೋಡ್ತಾ ಇರು ಅಂತ ಹೇಳುವ ಪದ್ಯ. ಯಾಕೆ ಗೋಡೆ? ನಾಳೆ ರಾಜನ ಸಿಪಾಯಿ ಬಂದು ‘ಏನು ನೋಡಿದೆ?’ ಅಂದರೆ ‘ಏನೂ ನೋಡಿಲ್ಲ’ ಅನ್ನಬಹುದು. ಸುಳ್ಳೂ ಆಗಲ್ಲ.

ಅಂದರೆ ಇಡೀ ಊರು ಈ ಕಥೆಯನ್ನು ಕೇಳಿಸಿಕೊಂಡಿತ್ತೇ ಹೊರತು ನೋಡಿರಲಿಲ್ಲ. ಭಾವ, ಅದು ‘ಬರೀ ಆಡಿಯೋ’.

‘ಮೂನ್‌ಫ್ಲೀಟ್’ ಕಾದಂಬರಿ ತಗೊಳ್ಳಿ. ಜೆ. ಮೀಡ್ ಫಾಕ್ನರ್ 1898ರಲ್ಲಿ ಬರೆದದ್ದು. ಡಾರ್ಸೆಟ್ ಕರಾವಳಿಯ ಒಂದು ಹಳ್ಳಿ, ಹದಿನೈದು ವರ್ಷದ ಹುಡುಗ ಜಾನ್, ಕಥೆ ಶುರುವಾಗುವುದು 1757ರಲ್ಲಿ. ಊರಿಗೆ ನೆರೆ ಬಂದು ಹೋದ ಭಾನುವಾರ ಜನ ಚರ್ಚಿನಲ್ಲಿ ಕೂತಿದ್ದಾರೆ. ಕಾಲಡಿಯಿಂದ ಧಡ್ ಅನ್ನುತ್ತದೆ. ಕೆಳಗೆ ಸಾಹುಕಾರ ಮನೆತನದ ನೆಲಮಾಳಿಗೆ ಇದೆ, ಹೆಣದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ ಜಾಗ. ಮತ್ತೆ ಧಡ್. ದೆವ್ವ ಇರಬೇಕು ಅಂತ ಜನಕ್ಕೆ ನಡುಕ. ಆಮೇಲೆ ಜಾನ್ ಅಲ್ಲಿಗೆ ಇಳಿದಾಗ ಗುಟ್ಟು ಬಯಲಾಗುತ್ತದೆ: ಬಚ್ಚಿಟ್ಟ ಸಾರಾಯಿ ಪೀಪಾಯಿಗಳು ನೆರೆ ನೀರಲ್ಲಿ ತೇಲಿ ಒಂದಕ್ಕೊಂದು ಗುದ್ದುತ್ತಿದ್ದವು. ಇದನ್ನು ತೆರೆಯ ಮೇಲೆ ಹೇಗೆ ತೋರಿಸುತ್ತೀರಿ? ಹೆದರಿದ ನಾಲ್ಕು ಮುಖ, ಅಷ್ಟೇ. ಇಯರ್‌ಫೋನಿನಲ್ಲಿ ಆ ಧಡ್ ನಿಮ್ಮ ಕಾಲ ಕೆಳಗೇ ಬರುತ್ತದೆ. ನಾನು ರಾತ್ರಿ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. ನಲ್ಲಿ ನಿಲ್ಲಿಸಿ ಅಡುಗೆಮನೆ ನೆಲ ನೋಡಿದೆ. ನಮ್ಮದು ಮೂರನೇ ಮಹಡಿ.

1955ರಲ್ಲಿ ಫ್ರಿಟ್ಸ್ ಲಾಂಗ್ ಇದನ್ನು ಸಿನಿಮಾ ಮಾಡಿದ. ದೊಡ್ಡ ನಿರ್ದೇಶಕ, ಒಪ್ಪಿದೆ. ಆದರೆ ಪುಸ್ತಕದಲ್ಲೇ ಇಲ್ಲದ ಜೆರೆಮಿ ಫಾಕ್ಸ್ ಅನ್ನುವವನು ಅಲ್ಲಿ ಹೀರೋ! ಇನ್ನು ಡಾಫ್ನೆ ಡು ಮೋರಿಯೇ 1936ರಲ್ಲಿ ಬರೆದ ‘ಜಮೈಕಾ ಇನ್’, ಅದೂ ಇಂಥದ್ದೇ ಕಾದಂಬರಿ. 2014ರಲ್ಲಿ ಬಿಬಿಸಿ ಟಿವಿಯಲ್ಲಿ ಮೂರು ಕಂತಾಗಿ ಬಂತು. ಎರಡು ಸಾವಿರಕ್ಕೂ ಜಾಸ್ತಿ ದೂರು. ಏನಂತ? ಮಾತೇ ಕೇಳಿಸ್ತಿಲ್ಲ, ಎಲ್ಲರೂ ಗೊಣಗ್ತಾರೆ ಅಂತ. ನಾನೇನೂ ಹೇಳಲ್ಲ.

ನಿಜ ಹೇಳಬೇಕೆಂದರೆ, ನನ್ನನ್ನು ಬೇರೆ ಪ್ರಶ್ನೆ ಕೇಳಬೇಕಿತ್ತು. ‘ರೇಡಿಯೋದಲ್ಲಿ ಯಾವುದು ಕೈಕೊಡುತ್ತೆ?’ ಯಾರೂ ಕೇಳಿಲ್ಲ. ಕೇಳಿದರೆ ಗಂಟೆಗಟ್ಟಲೆ ಬೈಯಬಲ್ಲೆ. ಮೊದಲನೇದು ಲಾಂದ್ರ. ದಡದಿಂದ ದೋಣಿಗೆ ಸನ್ನೆ ಮಾಡುವುದು ದೀಪದಲ್ಲಿ, ದೀಪಕ್ಕೋ ಸದ್ದಿಲ್ಲ. ಹಾಗಾಗಿ ಪಾಪ ಯಾರೋ ಒಬ್ಬ ‘ಅಲ್ಲಿ ನೋಡು, ಬೆಳಕು!’ ಅನ್ನಲೇಬೇಕು. ಪಕ್ಕದವನಿಗೆ ಕಣ್ಣಿಲ್ಲವೇ? ಇನ್ನೊಂದು, ಕದ್ದು ಸಾಗಿಸುವವರು ಬಾಯಿ ಮುಚ್ಚಿಕೊಂಡಿರಬೇಕು ತಾನೇ? ರೇಡಿಯೋದಲ್ಲಿ ಸುಮ್ಮನಿದ್ದರೆ ಅವರು ಇದ್ದಾರೆ ಅಂತಲೇ ಗೊತ್ತಾಗಲ್ಲ. ಅದಕ್ಕೇ ಪೀಪಾಯಿ ಹೊತ್ತು ಬಂಡೆ ಹತ್ತುವಾಗಲೂ ಸಂತೆಗೆ ಹೊರಟವರ ಹಾಗೆ ಮಾತಾಡುತ್ತಾರೆ. ಸುಂಕದವರು ಇವರನ್ನು ಹಿಡಿಯದೆ ಇದ್ದದ್ದೇ ಆಶ್ಚರ್ಯ. ನನ್ನ ಲೆಕ್ಕದಲ್ಲಿ ಒಳ್ಳೇ ನಾಟಕ ಅಂದರೆ ಇಂಥ ಕಡೆ ಮಾತು ಕಮ್ಮಿ ಮಾಡಿ ಏದುಸಿರು, ಜಲ್ಲಿಕಲ್ಲು, ಹಗ್ಗದ ಕಿರ್ ಕಿರ್ ಇಷ್ಟನ್ನೇ ನಂಬಿಕೊಂಡದ್ದು.

ಗೃಹಪ್ರವೇಶದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಊಟ ಆದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆವು. ಅಡುಗೆ ಭಟ್ಟರು ಕಾಯಿ ತುರಿದು ಎಸೆದ ಕರಟದ ರಾಶಿ ಅಲ್ಲಿತ್ತು. ರೇಡಿಯೋದವರು ಕುದುರೆ ಓಡಿಸುತ್ತಿದ್ದದ್ದು ಇದರಲ್ಲೇ. ಎರಡು ಆರಿಸಿ, ಮೂಲೆಯಲ್ಲಿದ್ದ ಸಿಮೆಂಟ್ ಚೀಲವನ್ನು ನೆಲದ ಮೇಲೆ ಹಾಸಿದೆ, ಕಳ್ಳಸಾಗಣೆ ಕುದುರೆ ತಾನೇ, ಗೊರಸಿನ ಸದ್ದು ಅಡಗಲಿ ಅಂತ. ‘ಭಾವ, ಗೋಡೆ ಕಡೆ ತಿರುಗಿ’ ಅಂದೆ. ಒಳ್ಳೆಯವರು, ತಿರುಗಿದರು. ಹೊಸ ಪೇಂಟು ಮೂಗಿಗೆ ತಾಗುವಷ್ಟು ಹತ್ತಿರ. ನಾನು ಕುಕ್ಕರಗಾಲಲ್ಲಿ ಕೂತು ಕರಟ ಬಡಿಯುತ್ತಾ ಹೋದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮತ್ತೆ ಮೆಲ್ಲಗೆ. ಭಾವ ಅಲ್ಲಾಡಲಿಲ್ಲ.

‘ಎಷ್ಟು ಕುದುರೆ ಹೋದವು ಹೇಳಿ.’

ಸ್ವಲ್ಪ ಹೊತ್ತು ಯೋಚಿಸಿದರು. ‘ಒಂದೇ ಕಣೋ. ಅದೂ ಕುಂಟ್ತಾ ಇತ್ತು.’